‘ದಿ ಫರ್ಮ್’ ಓದಿ ಮನೆಯಲ್ಲಿ ಜಗಳ: ಯಾರ ಮಾತು ಸರಿ?

ಪ್ರಶ್ನೆ: ಜಾನ್ ಗ್ರಿಶಮ್ ಅವರ ‘ದಿ ಫರ್ಮ್’ ಕಾದಂಬರಿಯನ್ನು ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದೆ. ತುಂಬಾ ಹಿಡಿಸಿತು. ಆದರೆ ಲಾ ಓದುತ್ತಿರುವ ನನ್ನ ಮೈದುನ, ‘ಅತ್ತಿಗೆ, ಅದರಲ್ಲಿ ಒಂದು ಕೋರ್ಟ್ ಸೀನೂ ಇಲ್ಲ, ಅದೆಂಥ ಲೀಗಲ್ ಥ್ರಿಲ್ಲರ್?’ ಅಂತ ನಗುತ್ತಾನೆ. ಪುಸ್ತಕ ಹಂಚಿಕೊಂಡು ಓದುವ ಗೆಳತಿಯರಲ್ಲಿ ಒಬ್ಬರಿಗೆ ಮೊದಲ ಅರ್ಧ ಬೋರು, ಇನ್ನೊಬ್ಬರಿಗೆ ಕೊನೆಯ ಅರ್ಧ ಬೋರು. ಮತ್ತೊಬ್ಬರಂತೂ ‘ಹೀರೋನೇ ಕಳ್ಳ, ಅವನ ಕಥೆ ನಮಗ್ಯಾಕೆ’ ಎಂದುಬಿಟ್ಟರು. ಒಂದೇ ಪುಸ್ತಕದ ಬಗ್ಗೆ ಇಷ್ಟು ಥರದ ಅಭಿಪ್ರಾಯ ಯಾಕೆ? ವಕೀಲರಾಗಿ ನಿಮಗೇನನ್ನಿಸುತ್ತದೆ? ಇದರ ಮುಂದಿನ ಭಾಗ ಓದಬಹುದೇ?

ಉತ್ತರ: ಮೊದಲು ನನ್ನದೇ ಒಂದು ಪಜೀತಿ ಹೇಳಿಬಿಡುತ್ತೇನೆ. ‘ದಿ ಫರ್ಮ್’ ನನ್ನ ಕೈಗೆ ಸಿಕ್ಕಿದ್ದು ವಕೀಲಿ ಶುರು ಮಾಡಿದ ಹೊಸತರಲ್ಲಿ, ಫುಟ್‌ಪಾತಿನ ಮೇಲೆ. ನಕಲಿ ಪ್ರತಿ. ಕಾಗದ ಎಷ್ಟು ತೆಳ್ಳಗಿತ್ತೆಂದರೆ ಹಿಂದಿನ ಪುಟದ ಅಕ್ಷರ ಮುಂದಿನ ಪುಟದಲ್ಲಿ ಕಾಣುತ್ತಿತ್ತು. ಸೀನಿಯರ್ ಕಣ್ಣಿಗೆ ಬೀಳದ ಹಾಗೆ ಫೈಲಿನೊಳಗೆ ಇಟ್ಟುಕೊಂಡು ಓದಿದೆ. ಕೊನೆಗೆ ಬಂದು ನೋಡಿದರೆ ಕೊನೆಯೇ ಇಲ್ಲ! ಬೈಂಡ್ ಮಾಡುವಾಗ ಕಡೆಯ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು, ಬಿಟ್ಟುಹೋಗಿತ್ತು. ಅದರ ಜಾಗದಲ್ಲಿ ನಡುವಿನ 16 ಪುಟ ಎರಡನೇ ಸಲ ಬಂದು ಕೂತಿತ್ತು. ಮಾರಿದವನನ್ನು ಹುಡುಕಿಕೊಂಡು ಹೋದರೆ ಅವನು ಆ ಜಾಗದಲ್ಲಿ ಬೆಲ್ಟ್ ಮಾರುತ್ತಿದ್ದ.

ಆಮೇಲೆ ಟಾಮ್ ಕ್ರೂಸ್ ಸಿನಿಮಾ ನೋಡಿದೆ. ಕಾದಂಬರಿಯೂ ಹೀಗೇ ಮುಗಿಯುತ್ತೆ ಅಂದುಕೊಂಡೆ. ಹತ್ತು ಹನ್ನೆರಡು ವರ್ಷ, ಪುಸ್ತಕ ಪೂರ್ತಿ ಓದಿದವರ ಎದುರೇ ಕೂತು, ಕೋರ್ಟಿನ ಕ್ಯಾಂಟೀನಿನಲ್ಲಿ ಅದರ ಮುಕ್ತಾಯದ ಬಗ್ಗೆ ಜೋರಾಗಿ ವಾದ ಮಾಡಿದ್ದೇನೆ. ಸರಿಯಾದ ಪ್ರತಿ ಕೊಂಡು ಓದಿದ ದಿನ ಗೊತ್ತಾಯಿತು, ನಾನು ಹೊಗಳುತ್ತಿದ್ದ ಮುಕ್ತಾಯ ಪುಸ್ತಕದ್ದೇ ಅಲ್ಲ ಅಂತ. ಹಾಗಾಗಿ ನಿಮ್ಮ ಮನೆಯ ಜಗಳ ನನಗೆ ಹೊಸದಲ್ಲ.

ಕಥೆಯ ಗುಟ್ಟು ಬಿಚ್ಚದೆ ಇದಕ್ಕೆ ಉತ್ತರ ಕೊಡೋಕಾಗುವುದಿಲ್ಲ. ಪುಸ್ತಕ ಓದದವರು, ಓದಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಉಳಿದವರಿಗೆ ಕಥೆ ಚಿಕ್ಕದಾಗಿ ನೆನಪಿಸುತ್ತೇನೆ. ಮಿಚ್ ಮೆಕ್‌ಡಿಯರ್ ಬಡ ಮನೆಯ ಹುಡುಗ. ಹಾರ್ವರ್ಡ್‌ನಲ್ಲಿ ಕಾನೂನು ಓದಿ ಮೇಲಿನ ಸಾಲಿನಲ್ಲಿ ಪಾಸಾಗುತ್ತಾನೆ. ಮೆಂಫಿಸ್ ಊರಿನ ಬೆಂಡಿನಿ, ಲ್ಯಾಂಬರ್ಟ್ ಅಂಡ್ ಲಾಕ್ ಎಂಬ ವಕೀಲರ ಸಂಸ್ಥೆ ಅವನಿಗೆ ನಂಬಲಾಗದಷ್ಟು ಸಂಬಳ ಕೊಟ್ಟು ಕರೆಸಿಕೊಳ್ಳುತ್ತದೆ. ಆ ಸಂಸ್ಥೆ ಷಿಕಾಗೋದ ಮೊರೊಲ್ಟೊ ಎಂಬ ಮಾಫಿಯಾ ಕುಟುಂಬದ್ದು. ಅವರ ಕಪ್ಪು ಹಣವನ್ನು ಕೇಮನ್ ದ್ವೀಪಗಳಿಗೆ ಸಾಗಿಸಿ ಬಿಳಿ ಮಾಡುವುದೇ ಅಲ್ಲಿನ ಅಸಲಿ ಕೆಲಸ. ಒಳಗೆ ಹೋದವರು ಜೀವಂತ ಹೊರಗೆ ಬರುವಂತಿಲ್ಲ. ಒಂದು ಕಡೆ ಮಾಫಿಯಾ, ಇನ್ನೊಂದು ಕಡೆ ‘ಸಾಕ್ಷಿ ಕೊಡು, ಇಲ್ಲದಿದ್ದರೆ ನೀನೂ ಜೈಲಿಗೆ’ ಎನ್ನುವ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ. ಅತ್ತ ದರಿ, ಇತ್ತ ಪುಲಿ.

ಈಗ ನಿಮ್ಮ ಮೈದುನನ ಮಾತು. ಕೋರ್ಟ್ ಸೀನ್ ಇಲ್ಲ ಅನ್ನುವುದು ನಿಜ. ವಿಚಾರಣೆ, ಪಾಟೀಸವಾಲು, ‘ಮೈ ಲಾರ್ಡ್’ ಒಂದೂ ಇಲ್ಲ. ವಕೀಲ ಅಂದರೆ ಕರಿಕೋಟು ಹಾಕಿಕೊಂಡು ವಾದ ಮಾಡುವವನು ಅನ್ನುವ ಚಿತ್ರ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಟಿ.ಎನ್. ಸೀತಾರಾಮ್ ಧಾರಾವಾಹಿಗಳಲ್ಲಿ ವಕೀಲ ಸಿಎಸ್‌ಪಿ ಎದ್ದು ನಿಂತರೆ ಮನೆಮಂದಿಯೆಲ್ಲ ಟಿವಿ ಮುಂದೆ ಸುಮ್ಮನಾಗುತ್ತಿದ್ದೆವು, ಅಲ್ವಾ? ಅದೇ ನಿರೀಕ್ಷೆ ಇಟ್ಟುಕೊಂಡು ಈ ಪುಸ್ತಕ ತೆರೆದರೆ ಮೋಸ ಹೋದ ಹಾಗೆ ಅನ್ನಿಸುವುದು ಸಹಜ.

ಆದರೆ ಅವನಿಗೆ ಒಂದು ವಿಷಯ ಹೇಳಿ. ಗ್ರಿಶಮ್ ಕೋರ್ಟ್ ಸೀನ್ ಬರೆಯಲು ಬಾರದವರಲ್ಲ. ಮಿಸಿಸಿಪ್ಪಿಯ ಸೌತ್‌ಹೇವನ್‌ನಲ್ಲಿ ಸುಮಾರು 10 ವರ್ಷ ವಕೀಲಿ ಮಾಡಿದವರು. ಅವರ ಮೊದಲ ಕಾದಂಬರಿ ‘ಎ ಟೈಮ್ ಟು ಕಿಲ್’ 1989ರಲ್ಲಿ ಬಂತು. ಮಗಳ ಮೇಲೆ ಅತ್ಯಾಚಾರ ಮಾಡಿದವರನ್ನು ಗುಂಡಿಟ್ಟು ಕೊಂದ ತಂದೆಯ ವಿಚಾರಣೆಯೇ ಆ ಕಥೆ. ಕೋರ್ಟ್ ಬೇಕೆನ್ನುವವರಿಗೆ ಅದರಲ್ಲಿ ಹೊಟ್ಟೆ ತುಂಬ ಸಿಗುತ್ತದೆ. ಅಚ್ಚಾಗಿದ್ದು 5,000 ಪ್ರತಿ. ಅದರಲ್ಲಿ 1,000 ಪ್ರತಿಯನ್ನು ಅವರೇ ಕೊಂಡು, ತಾವೇ ತಿರುಗಿ ಮಾರಿದರು. ಎರಡು ವರ್ಷ ಬಿಟ್ಟು, 1991ರಲ್ಲಿ, ಕೋರ್ಟೇ ಇಲ್ಲದ ‘ದಿ ಫರ್ಮ್’ ಬಂತು. ಪುಸ್ತಕಕ್ಕೆ ಪ್ರಕಾಶಕರು ಸಿಗುವ ಮೊದಲೇ ಪ್ಯಾರಾಮೌಂಟ್ ಕಂಪನಿ 6 ಲಕ್ಷ ಡಾಲರ್ ಕೊಟ್ಟು ಸಿನಿಮಾ ಹಕ್ಕು ಕೊಂಡಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬೆಸ್ಟ್‌ಸೆಲ್ಲರ್ ಪಟ್ಟಿಯಲ್ಲಿ ಪುಸ್ತಕ 47 ವಾರ ಇತ್ತು. ಕೋರ್ಟ್ ತುಂಬಿದ್ದ ಮೊದಲ ಪುಸ್ತಕವನ್ನು ಜನ ಹುಡುಕಿಕೊಂಡು ಓದಿದ್ದು ಇದಾದ ಮೇಲೆ.

ಇನ್ನೊಂದು ಮಾತು. ಬೆಂಡಿನಿ ಸಂಸ್ಥೆಯವರು ಟ್ಯಾಕ್ಸ್ ವಕೀಲರು. ಟ್ಯಾಕ್ಸ್ ವಕೀಲರ ದಿನ ಕಳೆಯುವುದು ಕೋರ್ಟಿನಲ್ಲಲ್ಲ, ಮೇಜಿನ ಮುಂದೆ. ಆ ಮಟ್ಟಿಗೆ ಪುಸ್ತಕ ಬಹಳ ಕೋರ್ಟ್ ಕಾದಂಬರಿಗಳಿಗಿಂತ ನಿಜಕ್ಕೆ ಹತ್ತಿರ. ಅದರಲ್ಲೂ ಬಿಲ್ಲಿಂಗ್ ಭಾಗ. ಮಿಚ್‌ನ ಮೇಲಿನ ವಕೀಲ ಏವರಿ ಅವನಿಗೆ ಮೊದಲು ಕಲಿಸುವ ಪಾಠ ಕಾನೂನಲ್ಲ, ಗಂಟೆ ಲೆಕ್ಕ. ಕಾರಿನಲ್ಲಿ ಬರುವಾಗ ಕಕ್ಷಿದಾರನ ಬಗ್ಗೆ ಯೋಚನೆ ಮಾಡಿದೆಯಾ? ಅದನ್ನೂ ಬಿಲ್ಲಿಗೆ ಸೇರಿಸು. ನಮ್ಮ ತಾಲ್ಲೂಕು, ಜಿಲ್ಲಾ ಕೋರ್ಟುಗಳ ವಕೀಲರಿಗೆ ಇದು ವಿಚಿತ್ರ ಅನ್ನಿಸಬಹುದು. ನಾವು ಕೇಸಿಗೆ ಇಷ್ಟು, ಹಾಜರಾತಿಗೆ ಇಷ್ಟು ಅಂತ ಮಾತಾಡಿಕೊಳ್ಳುವವರು. ಎಷ್ಟೋ ಸಲ ಅದೂ ಬರುವುದಿಲ್ಲ, ಕಕ್ಷಿದಾರರು ಒಂದು ಗೊನೆ ಬಾಳೆಹಣ್ಣು ತಂದಿಟ್ಟು ಕೈಮುಗಿಯುತ್ತಾರೆ. ಆದರೆ ನನ್ನ ಹತ್ತಿರ ಕೆಲಸ ಕಲಿತು ಆಮೇಲೆ ಬೆಂಗಳೂರಿನ ದೊಡ್ಡ ಕಾರ್ಪೊರೇಟ್ ಫರ್ಮಿಗೆ ಹೋದ ಹುಡುಗಿಯೊಬ್ಬಳು ಈ ಪುಸ್ತಕ ಓದಿ ಹೇಳಿದ್ದೇ ಬೇರೆ: ‘ಸಾರ್, ಮಾಫಿಯಾ ನೋಡಿ ಭಯ ಆಗಲಿಲ್ಲ. ಟೈಮ್‌ಶೀಟ್ ನೋಡಿ ಭಯ ಆಯ್ತು.’

ನಿಜ ಹೇಳಬೇಕೆಂದರೆ, ಕಾನೂನು ವಿದ್ಯಾರ್ಥಿ ಕೇಳಬೇಕಿದ್ದ ಪ್ರಶ್ನೆ ಬೇರೆ ಇದೆ. ಕಥೆಯ ಗಂಟು ಕೂತಿರುವುದೇ ಅಲ್ಲಿ. ಎಫ್‌ಬಿಐಗೆ ಕಾಗದಪತ್ರ ಕೊಟ್ಟರೆ ಕಕ್ಷಿದಾರರ ಗುಟ್ಟು ಬಿಟ್ಟುಕೊಟ್ಟಂತಾಗುತ್ತದೆ, ಸನ್ನದು (ವಕೀಲಿ ಮಾಡುವ ಪರವಾನಗಿ) ಹೋಗುತ್ತದೆ ಅಂತ ಮಿಚ್ ಒದ್ದಾಡುತ್ತಾನೆ. ಇದು ಎಷ್ಟು ನಿಜ?

ಅರ್ಧ ನಿಜ. ಕಕ್ಷಿದಾರ ಹೇಳಿದ್ದನ್ನು ವಕೀಲ ಹೊರಗೆ ಬಿಡುವಂತಿಲ್ಲ ಅನ್ನುವುದು ಅಲ್ಲೂ ಇದೆ, ಇಲ್ಲೂ ಇದೆ. ಆದರೆ ಮುಂದೆ ಮಾಡುವ ಅಪರಾಧಕ್ಕೆ ವಕೀಲನನ್ನೇ ಸಾಧನ ಮಾಡಿಕೊಂಡರೆ ಆ ಮಾತಿಗೆ ರಕ್ಷಣೆ ಇಲ್ಲ. ಅಮೆರಿಕದಲ್ಲೂ ಇಲ್ಲ. ನಮ್ಮಲ್ಲಿ 1872ರ ಸಾಕ್ಷ್ಯ ಕಾಯ್ದೆಯ 126ನೇ ಕಲಂ ಇದನ್ನು ಹೇಳುತ್ತಿತ್ತು. ಈಗ ಅದೇ ವಿಷಯ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂನಲ್ಲಿದೆ. ಅದರ ಕೆಳಗಿನ ಉದಾಹರಣೆಗಳು ಪುಟ್ಟ ಕಥೆಗಳ ಹಾಗಿವೆ. ಒಬ್ಬ ಕಕ್ಷಿದಾರ ಬಂದು ‘ನಾನು ಫೋರ್ಜರಿ ಮಾಡಿದ್ದೇನೆ, ನನ್ನ ಪರವಾಗಿ ವಾದ ಮಾಡಿ’ ಅನ್ನುತ್ತಾನೆ. ಆ ಮಾತನ್ನು ವಕೀಲ ಯಾರಿಗೂ ಹೇಳಬಾರದು. ಇನ್ನೊಬ್ಬ ಬಂದು ‘ಈ ಸುಳ್ಳು ಪತ್ರ ಇಟ್ಟುಕೊಂಡು ಆಸ್ತಿ ವಶಕ್ಕೆ ಪಡೆಯಬೇಕು, ದಾವೆ ಹಾಕಿ’ ಅನ್ನುತ್ತಾನೆ. ಈ ಮಾತಿಗೆ ರಕ್ಷಣೆ ಇಲ್ಲ. ಮೂರನೆಯದು ಹಣ ದುರುಪಯೋಗದ ಕೇಸು. ತಾನು ವಕಾಲತ್ತು ವಹಿಸಿಕೊಂಡಾಗ ಲೆಕ್ಕದ ಪುಸ್ತಕದಲ್ಲಿ ಇಲ್ಲದಿದ್ದ ಒಂದು ನಮೂದು ಕೇಸು ನಡೆಯುತ್ತಿರುವಾಗ ಬಂದು ಸೇರಿಕೊಂಡಿರುವುದು ವಕೀಲನ ಕಣ್ಣಿಗೆ ಬೀಳುತ್ತದೆ. ಅದಕ್ಕೂ ರಕ್ಷಣೆ ಇಲ್ಲ. ಮಿಚ್‌ನ ಕಪಾಟಿನಲ್ಲಿರುವ ಮೊರೊಲ್ಟೊ ಫೈಲುಗಳು ಹೆಚ್ಚೂಕಡಿಮೆ ಎರಡನೆಯ, ಮೂರನೆಯ ಕಥೆಗಳೇ.

ಅಂದರೆ ಅವನ ಭಯ ಪೂರ್ತಿ ಸುಳ್ಳಾ? ಅಲ್ಲ. ಆ ಸಂಸ್ಥೆಗೆ ಪ್ರಾಮಾಣಿಕ ಕಕ್ಷಿದಾರರೂ ಇದ್ದಾರೆ. ಹೊಸ ಹುಡುಗರನ್ನು ನಂಬಿಸುವುದಕ್ಕಾದರೂ ಅವರು ಇರಲೇಬೇಕು. ಅವರ ಕಾಗದ ಮುಟ್ಟಿದರೆ ತಪ್ಪೇ. ಜತೆಗೆ, ಗುಟ್ಟು ಹೇಳಿದ ವಕೀಲನ ಹತ್ತಿರ ಆಮೇಲೆ ಯಾರು ಬರುತ್ತಾರೆ? ಕಾನೂನು ಕ್ಷಮಿಸಿದರೂ ಮಾರುಕಟ್ಟೆ ಕ್ಷಮಿಸುವುದಿಲ್ಲ. ಗ್ರಿಶಮ್ ಈ ಗಂಟನ್ನು ಇನ್ನೂ ಸ್ವಲ್ಪ ಬಿಡಿಸಿ ತೋರಿಸಬೇಕಿತ್ತು. ಅವರು ಅವಸರದಲ್ಲಿ ದಾಟಿಬಿಡುತ್ತಾರೆ. ವಕೀಲ ಓದುಗರು ಗೊಣಗುವುದು ಇಲ್ಲೇ, ಅದು ನ್ಯಾಯವಾದ ಗೊಣಗಾಟ.

ಇನ್ನು ನಿಮ್ಮ ಗೆಳತಿಯರು. ಅವರಿಬ್ಬರೂ ಓದಿದ್ದು ಒಂದೇ ಪುಸ್ತಕವಾದರೂ ಅದರೊಳಗೆ ಎರಡು ಪುಸ್ತಕಗಳಿವೆ. ಒಂದು ಗಾಳದ ಕಥೆ, ಇನ್ನೊಂದು ಓಟದ ಕಥೆ. ಗಾಳ ಇಷ್ಟವಾದವರಿಗೆ ಓಟ ಉದ್ದ ಅನ್ನಿಸುತ್ತದೆ. ಓಟಕ್ಕಾಗಿ ಬಂದವರಿಗೆ ಗಾಳ ಹಾಕುವಷ್ಟು ಹೊತ್ತು ತಾಳ್ಮೆ ಇರುವುದಿಲ್ಲ.

ನಾನು ಗಾಳದ ಕಡೆಯವನು. ಮೊದಲ ಅಧ್ಯಾಯವನ್ನೇ ನೋಡಿ. ಸಂದರ್ಶನಕ್ಕೆ ಬಂದ ಹಿರಿಯ ವಕೀಲರು ಹುಡುಗನ ಮುಂದೆ ಒಂದೊಂದೇ ಬಿಚ್ಚಿಡುತ್ತಾರೆ. ಮೊದಲ ವರ್ಷಕ್ಕೆ 80,000 ಡಾಲರ್. ಮೇಲೆ ಬೋನಸ್. ಮನೆಗೆ ಕಡಿಮೆ ಬಡ್ಡಿಯ ಸಾಲ. ಕ್ಲಬ್ ಸದಸ್ಯತ್ವ. ಕಡೆಯಲ್ಲಿ ಒಂದು ಹೊಸ ಬಿಎಂಡಬ್ಲ್ಯು, ಬಣ್ಣ ನೀನೇ ಆರಿಸಿಕೋ ಅನ್ನುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬಣ್ಣದ ಮಾತು. ಕಾರು ಕೊಡುವುದಕ್ಕಿಂತ ಬಣ್ಣ ಕೇಳುವುದರಲ್ಲಿ ಗಾಳ ಜಾಸ್ತಿ ಆಳಕ್ಕೆ ಇಳಿಯುತ್ತದೆ. ಕೇಳಿದ ಕ್ಷಣಕ್ಕೆ ಕಾರು ಅವನದಾಗಿಬಿಡುತ್ತದಲ್ಲ! ಆ ಹುಡುಗ ಹಳೆಯ ಮಜ್ದಾ ಓಡಿಸಿಕೊಂಡು ಮನೆಗೆ ಬರುತ್ತಾನೆ. ಗಂಡ ಹೆಂಡತಿ ಚೈನೀಸ್ ಊಟ ತರಿಸಿಕೊಂಡು, ಅಗ್ಗದ ವೈನ್ ಕುಡಿದು, ಕೂತಲ್ಲೇ ಲೆಕ್ಕ ಹಾಕುತ್ತಾರೆ. ಸಾಲ ಮಾಡಿ ಓದಿದ ಯಾರಿಗೂ ಆ ಸಂಜೆ ಅರ್ಥವಾಗುತ್ತದೆ. ಕ್ಯಾಂಪಸ್ ಇಂಟರ್‌ವ್ಯೂ ಮುಗಿಸಿ ಅಪ್ಪನಿಗೆ ಫೋನ್ ಮಾಡಿ ಸಂಬಳ ಹೇಳಿದ ಇಂಜಿನಿಯರಿಂಗ್ ಹುಡುಗರಿಗಂತೂ ಇನ್ನೂ ಚೆನ್ನಾಗಿ.

ಗಾಳದ ಮುಳ್ಳು ಆಮೇಲೆ ಒಂದೊಂದಾಗಿ ಕಾಣುತ್ತದೆ. ಹೆಂಡತಿಯರು ಕೆಲಸಕ್ಕೆ ಹೋಗುವುದಕ್ಕೆ ಸಂಸ್ಥೆ ‘ಅಡ್ಡಿ ಮಾಡುವುದಿಲ್ಲ’. ಮಕ್ಕಳಾದರೆ ‘ಸಂತೋಷ’. ವಿಚ್ಛೇದನ ಇಷ್ಟವಾಗುವುದಿಲ್ಲ. ಸಾಲ ಇದ್ದವನು, ಮಕ್ಕಳಿರುವವನು ಎಲ್ಲಿಗೂ ಓಡುವುದಿಲ್ಲ, ಅದೇ ಅದರ ಹಿಂದಿನ ಲೆಕ್ಕ. ಮನೆಯಲ್ಲಿ ಕದ್ದು ಕೇಳುವ ಮೈಕ್ ಇಟ್ಟಿರುವುದು ಮಿಚ್‌ಗಿಂತ ಮೊದಲೇ ನಮಗೆ ಗೊತ್ತಾಗುತ್ತದೆ. ಗುಟ್ಟು ಏನು ಅನ್ನುವುದಲ್ಲ, ಅವನಿಗೆ ಯಾವಾಗ ತಿಳಿಯುತ್ತೆ ಅನ್ನುವುದು ಕುತೂಹಲ. ಗುಟ್ಟನ್ನು ಕೊನೆಯವರೆಗೂ ಬಚ್ಚಿಡುವ ಪತ್ತೇದಾರಿ ಕಾದಂಬರಿ ಓದಿ ಬೆಳೆದವರಿಗೆ ಇದು ಸಪ್ಪೆ ಅನ್ನಿಸಬಹುದು. ಮೊದಲ ಅರ್ಧ ಬೋರು ಅಂದ ಗೆಳತಿ ಆ ಪೈಕಿ ಇರಬೇಕು.

ಎರಡನೇ ಅರ್ಧದ ದೂರು ನನಗೂ ಒಪ್ಪಿಗೆ. ಕಾಗದಗಳ ನಕಲು ತೆಗೆಯುವುದು, ಬೇರೆ ಬೇರೆ ಹೆಸರಿನಲ್ಲಿ ಮೋಟೆಲ್ ಹಿಡಿಯುವುದು, ಫ್ಲಾರಿಡಾದ ಪನಾಮ ಸಿಟಿ ಬೀಚ್‌ನಲ್ಲಿ ಅಡಗಿ ಕೂರುವುದು, ಇದೆಲ್ಲ ಎಳೆದ ಹಾಗಿದೆ. ಎಫ್‌ಬಿಐ ಒಳಗಿನವನೇ ಸುದ್ದಿ ಮಾರುವುದು ಕಥೆಗಾರನಿಗೆ ಅನುಕೂಲವಾಗಲಿ ಅಂತಲೇ ಆಗಿದೆ. ಮಾಫಿಯಾದವರು ಮೊದಲ ಅರ್ಧದಲ್ಲಿ ಎಷ್ಟು ಚುರುಕೋ ಕೊನೆಯಲ್ಲಿ ಅಷ್ಟೇ ಮಂಕು. ಹೆಣ್ಣು ಪಾತ್ರಗಳ ಬಗ್ಗೆಯೂ ದೂರಿದೆ. ಆ ಸಂಸ್ಥೆ ತನ್ನ ಚರಿತ್ರೆಯಲ್ಲೇ ಒಬ್ಬಳು ವಕೀಲೆಯನ್ನು ಸೇರಿಸಿಕೊಂಡಿತ್ತು, ಅವಳೂ ಸತ್ತಿದ್ದಾಳೆ. ಇದು ಸಂಸ್ಥೆಯ ಮೇಲಿನ ಟೀಕೆ, ಸರಿ. ಆದರೆ ಹೆಂಡತಿ ಆ್ಯಬಿಗೆ ಲೇಖಕರೂ ಬಹಳ ಕೆಲಸ ಕೊಟ್ಟಿಲ್ಲ. ನನ್ನ ಕೇಳಿದರೆ ಪುಸ್ತಕದ ನಿಜವಾದ ಗಟ್ಟಿಗಿತ್ತಿ ಟ್ಯಾಮಿ. ಕೊಲೆಯಾದ ಖಾಸಗಿ ಪತ್ತೇದಾರನ ಸೆಕ್ರೆಟರಿ ಅವಳು. ಕೇಮನ್‌ಗೆ ಹೋಗಿ, ಏವರಿಯ ಕಣ್ಣಿಗೆ ಮಣ್ಣೆರಚುವವಳು ಅವಳೇ. ಸಿನಿಮಾದಲ್ಲಿ ಆ ಸಾಹಸವನ್ನು ಕಿತ್ತು ಆ್ಯಬಿಗೆ ಕೊಟ್ಟರು.

ಈಗ ‘ಹೀರೋನೇ ಕಳ್ಳ’ ಎಂದ ಗೆಳತಿಯ ವಿಷಯಕ್ಕೆ ಬರೋಣ. ನನಗೆ ಹೆಚ್ಚು ಹೇಳಬೇಕಿರುವುದು ಇಲ್ಲೇ.

ಅವರು ಹೇಳಿದ್ದು ಪೂರ್ತಿ ಸತ್ಯ. ಮಿಚ್ ಎಫ್‌ಬಿಐ ಜತೆ ಚೌಕಾಸಿ ಮಾಡಿ ಹಣ ವಸೂಲಿ ಮಾಡುತ್ತಾನೆ. ಅದು ಸಾಲದು ಅಂತ ಸಂಸ್ಥೆಯ ಕೇಮನ್ ಖಾತೆಯಿಂದ 1 ಕೋಟಿ ಡಾಲರ್ ಎತ್ತುತ್ತಾನೆ. ಗಂಟೆಗಟ್ಟಲೆ ವಿಡಿಯೊ ಮುಂದೆ ಕೂತು ಸಾಕ್ಷಿ ಹೇಳಿ, ಟೇಪುಗಳನ್ನು ಬಿಟ್ಟು, ಹೆಂಡತಿ ಮತ್ತು ಅಣ್ಣನನ್ನು ಕರೆದುಕೊಂಡು ಕೆರಿಬಿಯನ್ ಸಮುದ್ರಕ್ಕೆ ದೋಣಿ ಹತ್ತುತ್ತಾನೆ. ಇಷ್ಟರ ನಡುವೆ ಕೇಮನ್ ಬೀಚಿನಲ್ಲಿ ಹೆಂಡತಿಗೆ ಮೋಸ ಮಾಡಿದ್ದಾನೆ. ಅದನ್ನು ಅವಳಿಗೆ ಹೇಳುವುದೂ ಇಲ್ಲ.

ಸಿಡ್ನಿ ಪೊಲಾಕ್ 1993ರಲ್ಲಿ ಸಿನಿಮಾ ಮಾಡಿದಾಗ ಇದನ್ನೆಲ್ಲ ತೊಳೆದು ಇಸ್ತ್ರಿ ಹಾಕಿದರು. ಅಲ್ಲಿ ಮಿಚ್ ಹೆಂಡತಿಯ ಹತ್ತಿರ ತಪ್ಪು ಒಪ್ಪಿಕೊಳ್ಳುತ್ತಾನೆ. ಸಂಸ್ಥೆ ಕಕ್ಷಿದಾರರಿಗೆ ಹೆಚ್ಚು ಬಿಲ್ ಹಾಕಿ ಅಂಚೆಯಲ್ಲಿ ಕಳಿಸಿದೆ, ಅದು ಅಂಚೆ ವಂಚನೆ ಅನ್ನುವ ಜಾಣ ದಾರಿ ಹಿಡಿಯುತ್ತಾನೆ. ಕಕ್ಷಿದಾರರ ಗುಟ್ಟೂ ಉಳಿಯಿತು, ಸನ್ನದೂ ಉಳಿಯಿತು, ಕೆಟ್ಟವರೂ ಸಿಕ್ಕಿಬಿದ್ದರು. ನಾನು ಕ್ಯಾಂಟೀನಿನಲ್ಲಿ ಹೊಗಳುತ್ತಿದ್ದುದು ಇದನ್ನೇ. ವಕೀಲನ ಕಣ್ಣಿಗೆ ಇವತ್ತಿಗೂ ಅದು ಅಚ್ಚುಕಟ್ಟಾದ ಯುಕ್ತಿ. ಸಿನಿಮಾ ಮೊದಲು ನೋಡಿ ಆಮೇಲೆ ಪುಸ್ತಕ ಓದಿದವರು ಸಿಟ್ಟಾಗುವುದು ಇದಕ್ಕೇ. ನಾನೂ ಸಿಟ್ಟಾಗಿದ್ದೆ.

ಮೂರನೇ ಸಲ ಓದಿದ್ದು ವಕೀಲಿ ಇಪ್ಪತ್ತು ವರ್ಷ ದಾಟಿದ ಮೇಲೆ. ಆಗ ಪುಸ್ತಕದ ಮುಕ್ತಾಯವೇ ಸರಿ ಅನ್ನಿಸಿತು. ಯಾಕೆಂದರೆ ಮಿಚ್ ಒಳ್ಳೆಯವನು ಅಂತ ಗ್ರಿಶಮ್ ಎಲ್ಲೂ ಮಾತು ಕೊಟ್ಟಿಲ್ಲ. ಜಾಣ, ಹಸಿದವನು, ಬಡತನಕ್ಕೆ ಇನ್ನು ಕಾಲಿಡಲಾರೆ ಅಂತ ಹಟ ತೊಟ್ಟವನು, ಅಷ್ಟೇ. ಹಣ ನೋಡಿ ಒಳಗೆ ಬಂದ, ಹಣ ಹಿಡಿದು ಹೊರಗೆ ಹೋದ. ಹಣವನ್ನು ದೇಶ ದಾಟಿಸುವುದು, ಸುಳ್ಳು ಹೆಸರು, ಕದ್ದು ನಕಲು ತೆಗೆಯುವುದು, ಎಲ್ಲ ವಿದ್ಯೆಯನ್ನೂ ಆ ಸಂಸ್ಥೆಯಿಂದಲೇ ಕಲಿತು ಆ ಸಂಸ್ಥೆಯ ಮೇಲೇ ಪ್ರಯೋಗ ಮಾಡಿದ. ಬೆಂಡಿನಿ ಸಂಸ್ಥೆ ತಯಾರು ಮಾಡಿದ ಅತ್ಯುತ್ತಮ ವಕೀಲ ಅವನೇ. ಸಿನಿಮಾದ ಮಿಚ್ ವಿಷದ ಬಾವಿಯಲ್ಲಿ ಈಜಿ ಒಣ ಬಟ್ಟೆಯಲ್ಲಿ ಮೇಲೆ ಬರುತ್ತಾನೆ. ಪುಸ್ತಕದ ಮಿಚ್ ಒದ್ದೆಯಾಗಿದ್ದಾನೆ. ನಿಮ್ಮ ಗೆಳತಿಗೆ ಅವನ ಮೇಲೆ ಸಿಟ್ಟು ಬಂದಿದ್ದರೆ ಅವರು ಪುಸ್ತಕವನ್ನು ಸರಿಯಾಗಿಯೇ ಓದಿದ್ದಾರೆ. ಅಂಥವನ ಕಥೆ ಯಾಕೆ ಓದಬೇಕು ಅನ್ನುವುದರಲ್ಲಿ ಮಾತ್ರ ನನ್ನ ತಕರಾರು.

ಇದು ದೊಡ್ಡ ಸಾಹಿತ್ಯವಾ ಅಂದರೆ ಅಲ್ಲ. ವಾಕ್ಯಗಳು ಸಪಾಟು. ಎರಡನೇ ಸಲ ಓದಿ ಸವಿಯುವಂಥ ಸಾಲುಗಳು ಕಡಿಮೆ. ಬಸ್ಸು ತಡವಾದರೂ ಗೊತ್ತಾಗದಂತೆ ಓದಿಸಿಕೊಂಡು ಹೋಗುವ ಪುಸ್ತಕ, ಅದರೊಳಗೆ ಸಂಬಳ ಮತ್ತು ಸಾಲದ ಬಗ್ಗೆ ಬಹಳ ನಿಜವಾದ ನೂರೈವತ್ತು ಪುಟ. ನನಗೆ ಅಷ್ಟು ಸಾಕು.

ಮುಂದಿನ ಭಾಗದ ಬಗ್ಗೆ ಕೇಳಿದ್ದೀರಿ. ‘ದಿ ಎಕ್ಸ್‌ಚೇಂಜ್’ 2023ರಲ್ಲಿ ಬಂತು. ಕಥೆ ನಡೆಯುವುದು ಹದಿನೈದು ವರ್ಷದ ನಂತರ. ಮಿಚ್ ಈಗ ನ್ಯೂಯಾರ್ಕಿನಲ್ಲಿ, ಜಗತ್ತಿನ ಅತಿ ದೊಡ್ಡ ವಕೀಲರ ಸಂಸ್ಥೆಯೊಂದರಲ್ಲಿ ಪಾಲುದಾರ. ಅಷ್ಟೆಲ್ಲ ಮಾಡಿ ಓಡಿಹೋದವನು ಮತ್ತೆ ಕರಿಕೋಟು ತೊಟ್ಟಿದ್ದು ಹೇಗೆ? ನಮಗೆ ಬೇಕಾದ ಕಥೆ ಅದು. ಅದನ್ನು ಬೇಗ ಬೇಗ ದಾಟಿಸಿಬಿಡುತ್ತಾರೆ. ಶುರುವಿನಲ್ಲಿ ಮಿಚ್ ಮರಣದಂಡನೆಯ ಕೇಸೊಂದಕ್ಕೆ ಮೆಂಫಿಸ್‌ಗೆ ಹೋಗುತ್ತಾನೆ. ಹಳೆಯ ಲೆಕ್ಕ ತೆರೆಯುತ್ತೆ ಅಂತ ನಾವು ಕಾಯುತ್ತೇವೆ. ಅದು ಅಲ್ಲೇ ಕಮರಿ, ಕಥೆ ಲಿಬಿಯಾಕ್ಕೆ ಹಾರಿ, ಅಪಹರಣ ಮತ್ತು ಒತ್ತೆಹಣದ ಕಥೆಯಾಗುತ್ತದೆ. ಕಾನೂನು ಹುಡುಕಿದರೂ ಸಿಗದು. ‘ದಿ ಫರ್ಮ್’ ಹೆಸರಿನ ಆಸೆಗೆ ಕೊಂಡವರಿಗೆ ಬೇಸರವಾಗಿದ್ದು ಸುಮ್ನೆ ಅಲ್ಲ. ಲೈಬ್ರರಿಯಲ್ಲಿ ಸಿಕ್ಕರೆ ತಿರುವಿ ಹಾಕಿ, ದುಡ್ಡು ಕೊಟ್ಟು ಕೊಳ್ಳಬೇಡಿ.

ಅದರ ಬದಲು ‘ಎ ಟೈಮ್ ಟು ಕಿಲ್’ ಓದಿ. ಮೈದುನನಿಗೆ ಸ್ಕಾಟ್ ಟ್ಯೂರೊ ಅವರ ‘ಪ್ರಿಸ್ಯೂಮ್ಡ್ ಇನ್ನೊಸೆಂಟ್’ ತಂದುಕೊಡಿ. 1987ರ ಪುಸ್ತಕ, ಪಾಟೀಸವಾಲು ಬೇಕಾದಷ್ಟಿದೆ. ಕೊನೆಯನ್ನು ಮೊದಲೇ ಯಾರಿಂದಲೂ ಕೇಳಿಸಿಕೊಳ್ಳದಿರಲಿ. ಅದಕ್ಕೂ ಮುಂಚೆ ಅವನಿಗೆ 132ನೇ ಕಲಂ ಓದಿಕೊಂಡು ಬರಲು ಹೇಳಿ. ಆ ಮೂರು ಉದಾಹರಣೆಗಳಲ್ಲಿ ಮಿಚ್ ಯಾವುದಕ್ಕೆ ಸೇರುತ್ತಾನೆ ಅಂತ ಊಟಕ್ಕೆ ಕೂತಾಗ ಕೇಳಿ ನೋಡಿ. ಹೇಗೂ ಪರೀಕ್ಷೆಗೂ ಅದು ಬರುತ್ತೆ.